ದಮ್ಮು ಕಟ್ಟಿಸಿಕೊಂಡರೆ ದಮ್ಮು ಬರುವುದಿಲ್ಲ

ಬೆಳಗಿನ ಐದೂಕಾಲಿಗೆ ಚಿಕ್ಕಜಾಲದಲ್ಲಿ ಎದುರಿಗಿದ್ದವರ ಮುಖ ಕಾಣುವಷ್ಟು ಬೆಳಕಿರುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳ ದೀಪಗಳು ಮಾತ್ರ ಸಾಲುಗಟ್ಟಿ ಹೋಗುತ್ತಿರುತ್ತವೆ. ಕಳೆದ ವರ್ಷ ಮುಂಗಾರಿಗೆ ಮುಂಚೆ ಅಂಥದೊಂದು ಹೊತ್ತಿನಲ್ಲಿ ಮೈದಾನದ ಗೆರೆಯ ಮೇಲೆ ಹತ್ತು ಹನ್ನೆರಡು ಹುಡುಗರು ನಿಂತಿದ್ದರು. ಎಲ್ಲರೂ ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ತಯಾರಾಗುತ್ತಿದ್ದವರು. ಸೀಟಿ ಊದಿದ್ದೇ ತಡ, ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ಕಿತ್ತುಕೊಂಡು ಓಡಿದರು. ಎರಡನೇ ಸುತ್ತಿಗೆ ಅರ್ಧದಷ್ಟು ಹುಡುಗರ ಕಾಲು ಸೋತವು. ಕೊನೇ ಸುತ್ತು ಮುಗಿಸಿದ ಒಬ್ಬ ಗೋಡೆ ಹಿಡಿದು ಕುಕ್ಕರಿಸಿ, ಕುಡಿದಿದ್ದ ನೀರನ್ನೆಲ್ಲ ಕಕ್ಕಿದ. ಸ್ಟಾಪ್‌ವಾಚ್ ಹಿಡಿದಿದ್ದ ಹಿರಿಯ ಹುಡುಗ ಅವನ ಬೆನ್ನು ತಟ್ಟಿ ಹೇಳಿದ: "ವಾಂತಿ ಆಯ್ತಾ? ಹಂಗಾದ್ರೆ ಇವತ್ತು ಓಡಿದ್ದೀಯ ಬಿಡು."

ಈ ಲೇಖನ ಆ ಒಂದು ಮಾತಿನ ವಿರುದ್ಧ.

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ಯಲಹಂಕದ ಜಿಮ್ಮಿಗೆ ಹೋದರೂ ಇದೇ ಮಾತು, ಹೆಬ್ಬಾಳದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಇದೇ ಮಾತು, ಮೊಬೈಲಿನ ರೀಲ್ಸ್ ತಿರುವಿದರೂ ಇದೇ. ಬೆವರು ಹರಿಯದಿದ್ದರೆ ಅದು ವ್ಯಾಯಾಮವಲ್ಲ, ಉಸಿರು ಕಟ್ಟದಿದ್ದರೆ ಅದು ಓಟವಲ್ಲ, ಮರುದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿಯದಿದ್ದರೆ ನಿನ್ನೆ ಪಟ್ಟದ್ದೆಲ್ಲ ದಂಡ. ಈ ನಂಬಿಕೆ ಬುಡದಲ್ಲೇ ತಪ್ಪು. ಬಡವರ ಮನೆಯ ಹುಡುಗರ ಕಾಲನ್ನೂ ಕಾಲವನ್ನೂ ಇದು ತಿನ್ನುತ್ತಿದೆ, ಐವತ್ತು ಮುಟ್ಟಿದವರನ್ನು ಓಟದ ಹತ್ತಿರವೇ ಸುಳಿಯದಂತೆ ಹೆದರಿಸುತ್ತಿದೆ.

ಮೊದಲು ಆ ಹುಡುಗರ ಪರೀಕ್ಷೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯದ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. 2022ರಲ್ಲಿ ಶುರುವಾದ ಅಗ್ನಿಪಥದ ರ್‍ಯಾಲಿಗಳಲ್ಲಿ 1.6 ಕಿಲೋಮೀಟರಿಗೆ ಪೂರ್ತಿ ಅಂಕ ಬೇಕೆಂದರೆ ಐದೂವರೆ ನಿಮಿಷ. ಓಡುವ ಹೊತ್ತು ಚಿಕ್ಕದು, ಆದ್ದರಿಂದ ಇದು ವೇಗದ ಪರೀಕ್ಷೆ, ದಿನಾ ವೇಗವಾಗಿ ಓಡುವುದೇ ತಯಾರಿ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ದೇಹ ಲೆಕ್ಕ ಹಾಕುವ ರೀತಿ ಬೇರೆ. ನಮ್ಮ ಸ್ನಾಯುಗಳಿಗೆ ಶಕ್ತಿ ಬರುವ ದಾರಿ ಎರಡು. ಉಸಿರಿನಿಂದ ಬಂದ ಆಮ್ಲಜನಕವನ್ನು ಬಳಸಿ ಸಾವಕಾಶವಾಗಿ ಉರಿಸುವುದು ಒಂದು, ಆಮ್ಲಜನಕಕ್ಕೆ ಕಾಯದೆ ಒಮ್ಮೆಗೇ ಭುಗಿಲೆಬ್ಬಿಸುವುದು ಇನ್ನೊಂದು. ನುರಿತ ಓಟಗಾರರನ್ನು ಅಳೆದು ನೋಡಿದವರು 1500 ಮೀಟರ್ ಓಟದಲ್ಲಿ ಶೇಕಡಾ 80ಕ್ಕೂ ಹೆಚ್ಚು ಶಕ್ತಿ ಮೊದಲ ದಾರಿಯಿಂದಲೇ ಬರುವುದನ್ನು ಕಂಡಿದ್ದಾರೆ. 800 ಮೀಟರಿನಲ್ಲೂ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ. ಅಂದರೆ ನಮ್ಮ ಹುಡುಗರು ಐದರಲ್ಲಿ ನಾಲ್ಕು ಪಾಲು ದಮ್ಮಿನ ಪರೀಕ್ಷೆಗೆ, ಒಂದು ಪಾಲಿನ ಭುಗಿಲನ್ನಷ್ಟೇ ದಿನವೂ ಉಜ್ಜುತ್ತಿದ್ದಾರೆ.

ಆ ನಾಲ್ಕು ಪಾಲು ಬೆಳೆಯುವುದು ಹೇಗೆ? ಇಲ್ಲಿ ಹೃದಯದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುಮ್ಮನೆ ಕೂತವನ ಹೃದಯ ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರಿನಷ್ಟು ರಕ್ತ ತಳ್ಳುತ್ತದೆ. ಓಡಲು ಶುರುಮಾಡಿದಾಗ ಪ್ರತಿ ಬಡಿತಕ್ಕೆ ತಳ್ಳುವ ರಕ್ತವೂ ಏರುತ್ತದೆ, ಬಡಿತದ ಸಂಖ್ಯೆಯೂ ಏರುತ್ತದೆ. ಆದರೆ ಅಭ್ಯಾಸವಿಲ್ಲದವರಲ್ಲಿ ಬಡಿತಕ್ಕಿಷ್ಟು ಎಂಬ ಆ ಪ್ರಮಾಣ, ಅವರ ಪೂರ್ತಿ ಸಾಮರ್ಥ್ಯದ ಅರ್ಧದ ಆಸುಪಾಸಿಗೆ ಬರುವಷ್ಟರಲ್ಲೇ ಬಹುಮಟ್ಟಿಗೆ ಮಿತಿ ಮುಟ್ಟಿಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಜೋರಾಗಿ ಓಡಿದರೂ ಮುಖ್ಯವಾಗಿ ಏರುವುದು ಬಡಿತದ ಸಂಖ್ಯೆ. ಹೀಗಾಗಿ ಹಾಯಾಗಿ, ಮಾತಾಡಿಕೊಂಡು ಓಡುವವನ ಹೃದಯವೂ ಪ್ರತಿ ಬಡಿತಕ್ಕೆ ಹೆಚ್ಚುಕಡಿಮೆ ತುಂಬಿ ತುಂಬಿ ಹಿಗ್ಗುತ್ತಿರುತ್ತದೆ. 140ರ ಬಡಿತದಲ್ಲಿ ಒಂದು ಗಂಟೆ ಓಡಿದರೆ ಅಂಥ 8400 ಬಡಿತ ಸಿಗುತ್ತವೆ. ಆರು ನಿಮಿಷ ಪ್ರಾಣ ಬಿಟ್ಟು 190ರಲ್ಲಿ ಓಡಿದರೆ ಸಿಗುವುದು 1140, ಅದರ ಮೇಲೆ ಎರಡು ದಿನದ ಆಯಾಸ. ತಿಂಗಳುಗಟ್ಟಲೆ ಹೀಗೆ ತುಂಬಿ ಹಿಗ್ಗಿದ ಹೃದಯದ ಎಡ ಕೋಣೆ ದೊಡ್ಡದಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ, ಸ್ನಾಯುವಿನ ಎಳೆಗಳ ಸುತ್ತ ಲೋಮನಾಳಗಳು ದಟ್ಟವಾಗುತ್ತವೆ, ಜೀವಕೋಶದೊಳಗಿನ ಒಲೆಗಳಾದ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಮೊದಲು 150 ಬಡಿತ ಬೇಕಿದ್ದ ಕೆಲಸ 135ಕ್ಕೆ ಆಗತೊಡಗುತ್ತದೆ. ನಾವು ದಮ್ಮು ಎನ್ನುವುದು ಇದನ್ನೇ.

ನಮ್ಮ ಕಡೆ ಮುದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಸರಿಗೆ ಹಿಟ್ಟು ಬಿಟ್ಟ ಮೇಲೆ ಉರಿ ತಗ್ಗಿಸಿ ಬೇಯಲು ಬಿಡಬೇಕು. ಹೊತ್ತಾಯಿತೆಂದು ಉರಿ ಜೋರು ಮಾಡಿದರೆ ತಳ ಸೀಯುತ್ತದೆ, ಒಳಗೆ ಹಸಿಹಿಟ್ಟಿನ ಗಂಟು ಉಳಿಯುತ್ತದೆ. ನನ್ನ ತಾಯಿ ಇದನ್ನು ಸೊಸೆಯರಿಗೆ ಕಲಿಸುವಾಗ ಹೇಳುತ್ತಿದ್ದುದು ಎರಡೇ ಪದ: ಸಣ್ಣ ಉರಿ.

ಸೀಯುವ ತಳ ಯಾವುದೆಂದು ಮೈದಾನಕ್ಕೆ ಬಂದು ನೋಡಿ. ಹೃದಯ, ಸ್ನಾಯುಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಎಲುಬಿಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಅಧಿಸೂಚನೆ ಬಂದ ವಾರವೇ ಸವೆದ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ದಿನಾ ಟೈಮ್ ಹೊಡೆಯಲು ಹೊರಟ ಹುಡುಗನಿಗೆ ಮೂರನೇ ವಾರದಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯತೊಡಗುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ನುಂಗಿ ಓಡುತ್ತಾನೆ. ಕೊನೆಗೆ ಫಿಸಿಕಲ್ ದಿನ ಕುಂಟುತ್ತಾನೆ. ಲಿಖಿತ ಪರೀಕ್ಷೆ ಪಾಸಾಗಿದ್ದವನು 1600 ಮೀಟರಿನಲ್ಲಿ ಬಿದ್ದು ಊರಿಗೆ ಮರಳುವುದನ್ನು ನಾನು ಒಂದಲ್ಲ ನಾಲ್ಕು ಸಲ ಕಂಡಿದ್ದೇನೆ. ಆ ಮನೆಯಲ್ಲಿ ಅವತ್ತು ಒಲೆ ಹೊತ್ತುವುದಿಲ್ಲ. ಅವನಿಗೆ ತಾಕತ್ತಿರಲಿಲ್ಲ ಎನ್ನುತ್ತಾರೆ ಊರವರು. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ತಾಕತ್ತನ್ನು ನಾವೇ ಬೇಯುವ ಮುಂಚೆ ಸೀಯಿಸಿದೆವು.

ವಾಂತಿ ಮಾಡಿಕೊಂಡಿದ್ದ ಆ ಹುಡುಗನನ್ನು ಮರುವಾರ ನಾನು ಕರೆದುಕೊಂಡೆ. ಹೆದ್ದಾರಿ ಪಕ್ಕದ ಹಳೇ ಕೋಟೆಯಿಂದ ಹೊರಟು, ಕೆರೆಯ ಕಡೆ ಸುತ್ತಿ, ಮಣ್ಣುದಾರಿಯಲ್ಲಿ ವಾಪಸು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಅವನ ಗಂಟಲ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸುತ್ತಿದ್ದೆ. ನಾನು ಹೇಳಿದ್ದು 155 ದಾಟಬಾರದೆಂದು. ಮೊದಲ ದಿನ ಹೆಜ್ಜೆ ಹಾಕಿದ ಹತ್ತು ನಿಮಿಷದಲ್ಲೇ 176. "ನಡಿ" ಅಂದೆ. ಅವನಿಗೆ ಅವಮಾನವಾಯಿತು. "ಏನಣ್ಣ ಇದು, ಹಿಂಗ್ ನಡ್ಕೊಂಡ್ ಓಡಿದ್ರೆ ಸೆಲೆಕ್ಟ್ ಆಗೋದ್ ಯಾವಾಗ? ಫ್ರೆಂಡ್ಸ್ ನೋಡಿದ್ರೆ ನಗ್ತಾರೆ." ಕೋಟೆ ಬಾಗಿಲ ಹತ್ತಿರ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನಿಜಕ್ಕೂ ಕೇಳಿಯೇಬಿಟ್ಟರು: "ಯಾಕಪ್ಪ, ಕಾಲ್ನೋವಾ?"

ಈ ನಾಚಿಕೆಯನ್ನು ಹಗುರವಾಗಿ ಕಾಣಬಾರದು. ನಿಧಾನ ಓಟದ ದೊಡ್ಡ ಶತ್ರು ಅದೇ. ಅರ್ಧ ಗಂಟೆ ದಮ್ಮು ಕಟ್ಟಿ ಒದ್ದಾಡುವವನಿಗೆ ಊರು ಶಹಬ್ಬಾಸ್ ಎನ್ನುತ್ತದೆ. ಒಂದು ಗಂಟೆ ತಾಳ್ಮೆಯಿಂದ ಓಡಿದವನನ್ನು ಸೋಮಾರಿ ಎನ್ನುತ್ತದೆ. ನಾನು ಶುರುಮಾಡಿದ ಕಾಲಕ್ಕೆ ಸರ್ವಿಸ್ ರಸ್ತೆಯ ಸಣ್ಣ ಏರು ಬಂದಾಗಲೆಲ್ಲ ನಡೆಯಬೇಕಾಗುತ್ತಿತ್ತು. ವಾಕಿಂಗ್ ಹೆಂಗಸರು ನನ್ನನ್ನು ದಾಟಿ ಹೋಗುತ್ತಿದ್ದರು. ಎರಡು ತಿಂಗಳು ಯಾವ ಬದಲಾವಣೆಯೂ ಕಾಣಲಿಲ್ಲ. ಆ ಎರಡು ತಿಂಗಳಲ್ಲಿ ಬಿಟ್ಟುಬಿಡುವವರೇ ಹೆಚ್ಚು, ಬಿಟ್ಟವರೆಲ್ಲ ಮುಂದೆ "ಅದನ್ನೂ ಮಾಡಿ ನೋಡಿದ್ವಿ, ಪ್ರಯೋಜನ ಇಲ್ಲ" ಎಂದು ಸಾಕ್ಷಿ ಹೇಳುತ್ತಾರೆ.

ಇದು ವಯಸ್ಸಾದವರಿಗೆ, ರೋಗಿಗಳಿಗೆ ಸರಿ, ಗೆಲ್ಲಬೇಕಾದವರಿಗಲ್ಲ ಎನ್ನುವವರಿಗೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಉತ್ತರ. ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತ ಆಕ್ಲೆಂಡಿನಲ್ಲಿ ತನ್ನ ಸುತ್ತಮುತ್ತಲ ಹುಡುಗರನ್ನು ಕಟ್ಟಿಕೊಂಡು ವಾರಕ್ಕೆ 160 ಕಿಲೋಮೀಟರಿನವರೆಗೂ ಓಡಿಸಿದರು. ಭಾನುವಾರ ಗುಡ್ಡದ ದಾರಿಯಲ್ಲಿ 35 ಕಿಲೋಮೀಟರ್. ಆ ಓಟ ನಮ್ಮ ಜಾಗಿಂಗಿನಷ್ಟು ಮೆಲ್ಲಗಿರಲಿಲ್ಲ, ನಿಜ. ಆದರೆ ಏದುಸಿರು ಬಿಡುವ ಮಟ್ಟಕ್ಕೆ ಹೋಗಬಾರದೆಂಬುದು ಅವರ ಕಟ್ಟುನಿಟ್ಟು. ಹಾಗೆ ತಯಾರಾದ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದರು. 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡನ್ನೂ ಗೆದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಎರಡು ಗಂಟೆಯ ಓಟ ತಳಪಾಯವಾಯಿತು. ರೋಮಿನಲ್ಲಿ 5000 ಮೀಟರ್ ಗೆದ್ದ ಮರ್ರೆ ಹ್ಯಾಲ್ಬರ್ಗ್ ಕೂಡ ಅವರದೇ ಹುಡುಗ.

ಅದೇ ಲಿಡಿಯಾರ್ಡ್, ಹೃದಯಾಘಾತವಾದವರನ್ನು ಹಾಸಿಗೆಯಿಂದ ಎಬ್ಬಿಸಬಾರದೆನ್ನುತ್ತಿದ್ದ ಕಾಲದಲ್ಲಿ, ಅಂಥವರನ್ನೂ ಮೆಲ್ಲಗೆ ಓಡಿಸಿದರು. 1962ರ ಕೊನೆಯಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಪ್ರಸಿದ್ಧ ಕೋಚ್ ಬಿಲ್ ಬೋವರ್‌ಮನ್ ನ್ಯೂಜಿಲೆಂಡಿಗೆ ಹೋಗಿ ಅವರ ಗುಂಪಿನ ಜೊತೆ ಒಂದು ಬೆಳಿಗ್ಗೆ ಓಡಲು ಹೊರಟರು. ಐವತ್ತೊಂದರ ಬೋವರ್‌ಮನ್ ಗುಡ್ಡ ಹತ್ತಲಾರದೆ ಹಿಂದುಳಿದಾಗ ಅವರಿಗೆ ಜೊತೆಯಾಗಿ ನಿಂತವರು ಎಪ್ಪತ್ತು ದಾಟಿದ್ದ, ಹೃದಯಾಘಾತಗಳಿಂದ ಉಳಿದು ಬಂದಿದ್ದ ಮುದುಕರೊಬ್ಬರು. ಆ ಪಾಠ ಹೊತ್ತು ಊರಿಗೆ ಮರಳಿದ ಬೋವರ್‌ಮನ್ ಸಾಮಾನ್ಯ ಜನರಿಗೆ ಜಾಗಿಂಗ್ ಕಲಿಸಿದರು, ಹೃದಯ ತಜ್ಞರೊಬ್ಬರ ಜೊತೆ ಸೇರಿ ಪುಸ್ತಕವನ್ನೂ ಬರೆದರು. ಇವತ್ತು ಯಲಹಂಕದ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುವ ನೈಕಿ ಬೂಟಿನ ಕಂಪನಿಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಈಗಿನವರ ಮಾತೂ ಬೇರೆಯಲ್ಲ. ನಾರ್ವೆಯಲ್ಲಿ ನೆಲೆಸಿದ ವಿಜ್ಞಾನಿ ಸ್ಟೀಫನ್ ಸೈಲರ್ ದೋಣಿ ನಡೆಸುವವರು, ಹಿಮದ ಮೇಲೆ ಜಾರುವವರು, ಓಡುವವರು ಎಂದು ಬೇರೆ ಬೇರೆ ಆಟಗಳ ಮೇಲ್ಮಟ್ಟದವರ ಅಭ್ಯಾಸದ ದಿನಚರಿಗಳನ್ನು ಜೋಡಿಸಿ ನೋಡಿದಾಗ, ಅವರ ಅಭ್ಯಾಸದಲ್ಲಿ ಸುಮಾರು ಶೇಕಡಾ 80 ಕಡಿಮೆ ಬಡಿತದಲ್ಲೇ ನಡೆಯುತ್ತಿತ್ತು. ಜಗತ್ತಿನ ಅತಿ ಬಲಿಷ್ಠ ಹೃದಯಗಳು ಐದರಲ್ಲಿ ನಾಲ್ಕು ಸಲ ಸಣ್ಣ ಉರಿಯಲ್ಲಿ ಓಡುತ್ತವೆ. ಚಿಕ್ಕಜಾಲದ ಹುಡುಗ ಮಾತ್ರ ಐದಕ್ಕೆ ಐದೂ ಸಲ ಸಾಯುವ ಹಾಗೆ ಓಡಬೇಕಂತೆ.

ಎದುರುಪಕ್ಷದ ಬಲವಾದ ವಾದ ಸಮಯದ್ದು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ, ಹೆಬ್ಬಾಳದ ಫ್ಲೈಓವರ್ ಮೇಲೆ ದಿನಾ ಗಂಟೆಗಟ್ಟಲೆ, ಇನ್ನು ವಾರಕ್ಕೆ ಐದು ಗಂಟೆ ಓಡಲು ಎಲ್ಲಿಂದ ತರೋಣ? ಇಪ್ಪತ್ತು ನಿಮಿಷ ಜೋರಾಗಿ ಮಾಡಿದರೆ ಅದೇ ಫಲ ಎಂದು ವಿಜ್ಞಾನವೇ ಹೇಳಿದೆಯಲ್ಲ? ಈ ವಾದವನ್ನು ನಾನು ಗೌರವದಿಂದಲೇ ಎದುರಿಸುತ್ತೇನೆ. ಜೋರು ಅಭ್ಯಾಸದಿಂದ ಕೆಲವೇ ವಾರಗಳಲ್ಲಿ ಸಾಮರ್ಥ್ಯ ಏರುವುದು ಸತ್ಯ. ಜಿಮ್ಮುಗಳೆಲ್ಲ ಜಪಿಸುವ ಟಬಾಟಾ ಹೆಸರಿನ ಹಿಂದಿರುವುದು 1996ರಲ್ಲಿ ಜಪಾನಿನ ಇಜುಮಿ ಟಬಾಟಾ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಭಾಗವಹಿಸಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಗಟ್ಟಿಮುಟ್ಟಾದ ಯುವಕರು. ಅಧ್ಯಯನ ನಡೆದದ್ದು ಆರು ವಾರ. ಇಪ್ಪತ್ತು ಸೆಕೆಂಡು ಸೈಕಲ್ ತುಳಿತ, ಹತ್ತು ಸೆಕೆಂಡು ಬಿಡುವು, ಏಳೆಂಟು ಸುತ್ತಿಗೆ ಶಕ್ತಿಯೆಲ್ಲ ಖಾಲಿ, ಒಟ್ಟು ನಾಲ್ಕು ನಿಮಿಷ. ಯಾರೂ ಹೇಳದ ಸಂಗತಿಯೆಂದರೆ, ಆ ಯುವಕರು ವಾರದಲ್ಲಿ ಒಂದು ದಿನ ಅರ್ಧ ಗಂಟೆ ಒಂದೇ ಸಮನೆ ಸಾಧಾರಣ ವೇಗದಲ್ಲಿ ತುಳಿಯುತ್ತಿದ್ದರು. ಜೋರು ಸುತ್ತುಗಳಿಲ್ಲದೆ ಬರೀ ಸಾಧಾರಣ ವೇಗದಲ್ಲಿ ತುಳಿದ ಇನ್ನೊಂದು ಗುಂಪಿನ ಆಮ್ಲಜನಕ ಸಾಮರ್ಥ್ಯವೂ ಚೆನ್ನಾಗಿಯೇ ಏರಿತು. ಆರು ವಾರದ ಆ ಪ್ರಯೋಗವನ್ನು, ಕುರ್ಚಿ ಬಿಟ್ಟು ಏಳದ ನಲವತ್ತೈದರ ಮನುಷ್ಯನಿಗೆ ಆರು ವರ್ಷದ ದಿನಚರಿಯಾಗಿ ಮಾರಬಾರದು. ಅವನು ಮೂರು ವಾರ ಮಾಡುತ್ತಾನೆ, ನಾಲ್ಕನೇ ವಾರ ಮೊಣಕಾಲು ಹಿಡಿದುಕೊಂಡು ಕೂರುತ್ತಾನೆ, ಆಮೇಲೆ ವರ್ಷಕ್ಕೊಮ್ಮೆ ಟಿಸಿಎಸ್ ವರ್ಲ್ಡ್ 10ಕೆ ಬಂದಾಗ ಮತ್ತೆ ಮೂರು ವಾರ. ಅರ್ಧ ಗಂಟೆಯ ಸಾವಕಾಶದ ಓಟ ವಾರಕ್ಕೆ ನಾಲ್ಕು ದಿನ ಸಿಕ್ಕರೂ ಇದಕ್ಕಿಂತ ಎಷ್ಟೋ ಮೇಲು.

ಜೋರು ಓಟ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕು, ಕಾನ್‌ಸ್ಟೇಬಲ್ ಆಗುವವನಿಗಂತೂ ಬೇಕೇ ಬೇಕು. ತಳಪಾಯ ಬಿದ್ದ ಮೇಲೆ, ಪರೀಕ್ಷೆಗೆ ಐದಾರು ವಾರ ಇರುವಾಗ, ವಾರಕ್ಕೆ ಎರಡು ದಿನ.

ಬಡಿತದ ಮಿತಿ ಎಷ್ಟು? ಫಿಲ್ ಮ್ಯಾಫೆಟೋನ್ ಎಂಬ ಅಮೆರಿಕದ ತರಬೇತುದಾರರ ಸೂತ್ರ ಸುಲಭ: 180ರಲ್ಲಿ ವಯಸ್ಸು ಕಳೆಯಿರಿ. ದೊಡ್ಡ ಕಾಯಿಲೆಯಿಂದ ಎದ್ದವರು, ದಿನಾ ಮಾತ್ರೆ ನುಂಗುವವರು ಇನ್ನೂ 10 ಕಳೆಯಬೇಕು. ಐರನ್‌ಮ್ಯಾನ್ ವಿಶ್ವ ಸ್ಪರ್ಧೆಯನ್ನು ಆರು ಸಲ ಗೆದ್ದ ಮಾರ್ಕ್ ಅಲೆನ್ ಇವರ ಮಾತು ಕೇಳಿ 155ರ ಮಿತಿ ಹಾಕಿಕೊಂಡಾಗ, ಅವರೇ ಹೇಳಿಕೊಂಡಂತೆ, ಮೈಲಿಗೆ ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಒಂದು ವರ್ಷದ ಮೇಲೆ ಅದೇ ಬಡಿತದಲ್ಲಿ 5 ನಿಮಿಷ 20 ಸೆಕೆಂಡು. ಸೂತ್ರ ಎಲ್ಲರಿಗೂ ಕೂದಲೆಳೆಯಷ್ಟು ಸರಿಹೊಂದುವುದಿಲ್ಲ ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಜಿಮ್ಮಿನ ಗೋಡೆಯ ಮೇಲಿರುವ "220ರಲ್ಲಿ ವಯಸ್ಸು ಕಳೆ" ಎಂಬ ಸೂತ್ರವೂ 1970ರ ಸುಮಾರಿನಲ್ಲಿ ಹಳೆಯ ಅಂಕಿಅಂಶಗಳ ನಡುವೆ ಅಂದಾಜಿಗೆ ಎಳೆದ ಒಂದು ಗೆರೆ, ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುವುದು ಸಾಮಾನ್ಯ. ವಾಚಂತೂ ಬೇಕಿಲ್ಲ. ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಮಾತು ತುಂಡು ತುಂಡಾದರೆ ನಿಧಾನಿಸಿ, ಬೇಕಾದರೆ ನಡೆಯಿರಿ.

ವೇಗದ ಮೇಲಿನ ಮೋಹ ಮೈದಾನದ ಹುಡುಗರದಷ್ಟೇ ರೋಗವಲ್ಲ. 2020ರ ಫೆಬ್ರುವರಿಯಲ್ಲಿ ಕಂಬಳದ ಶ್ರೀನಿವಾಸ ಗೌಡರು ಐಕಳದಲ್ಲಿ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಭಾಗಾಕಾರ ಹಾಕಿ, ನೂರು ಮೀಟರಿಗೆ 9.55, ಬೋಲ್ಟ್‌ಗಿಂತ ಬೇಗ ಎಂದು ಕುಣಿಯಿತು. ಆ ಹೋಲಿಕೆ ಸಲ್ಲದೆಂದು ಹೇಳುವಷ್ಟು ವಿವೇಕ ಇದ್ದದ್ದು ಗೌಡರಿಗೇ. ಅದಕ್ಕೂ ಮುಂಚೆ, 1980ರ ದಶಕದಲ್ಲಿ, ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಕ್ರೀಡಾ ಪ್ರಾಧಿಕಾರ ಆರಿಸಿ ತಂದಿತು. ಆಫ್ರಿಕಾ ಮೂಲದವರು, ಓಟ ರಕ್ತದಲ್ಲೇ ಇದೆ ಎಂಬ ನಂಬಿಕೆ. ಕೆಲವರು ಪದಕವನ್ನೂ ತಂದರು. ಆದರೆ ಮಕ್ಕಳು ಬೆಳೆದು ಮಾಗುವ ಮುನ್ನವೇ ಯೋಜನೆಯನ್ನು ನಿಲ್ಲಿಸಿದರು. ರಕ್ತದಲ್ಲಿ ಇದೆ ಎಂದು ನಂಬಿದವರಿಗೆ ಹತ್ತು ಹದಿನೈದು ವರ್ಷ ಕಾಯುವ ಅಗತ್ಯ ಕಾಣಲಿಲ್ಲ. ದಮ್ಮೆಂಬುದು ಕಟ್ಟಿ ಬೆಳೆಸುವ ವಸ್ತುವೆಂದು ತಿಳಿದಿದ್ದರೆ ಕಾಯುತ್ತಿದ್ದರು.

ಇನ್ನೊಂದು ನೋವಿನ ಮಾತು. 2021ರ ಅಕ್ಟೋಬರ್ 29ರಂದು ನಲವತ್ತಾರರ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಈ ನಾಡಿನ ಪ್ರತಿ ಮನೆಯಲ್ಲೂ ಸೂತಕ. ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಕಸರತ್ತೇ ಕೊಂದಿತು ಎಂದು ಆಧಾರವಿಲ್ಲದೆ ತೀರ್ಪು ಕೊಟ್ಟರು. ನಮ್ಮ ಬೀದಿಯ ಎಷ್ಟೋ ಜನ ನಡೆಯುವುದನ್ನೂ ಬಿಟ್ಟರು. ಎದೆನೋವು ಇರುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಾಣಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಯಕ್ಕೂ ಮೈದಾನದ ಹುಚ್ಚಿಗೂ ಬೇರು ಒಂದೇ. ವ್ಯಾಯಾಮವೆಂದರೆ ಪ್ರಾಣಕ್ಕೆ ಬರುವಷ್ಟು ಜೋರಾದದ್ದು ಎಂದು ಕಲಿತವರು ಅದನ್ನು ಮಾಡಿದರೆ ಹಾಗೆ ಮಾಡುತ್ತಾರೆ, ಹೆದರಿದರೆ ಪೂರ್ತಿ ಬಿಡುತ್ತಾರೆ. ನಡುವಿನ ಆ ವಿಶಾಲವಾದ ಹಾದಿಯನ್ನು ಅವರಿಗೆ ಯಾರೂ ತೋರಿಸಿಲ್ಲ.

ಮೈದಾನಗಳಲ್ಲಿ ತರಬೇತಿ ಕೊಡುವವರಲ್ಲಿ ನನ್ನದು ಒಂದೇ ಬೇಡಿಕೆ. ಮೊದಲ ಹತ್ತು ವಾರ ಸ್ಟಾಪ್‌ವಾಚನ್ನು ಜೇಬಿನಿಂದ ತೆಗೆಯಬೇಡಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ನೆಲದಲ್ಲಿ, ಬೆಳಗಿನ ಈ ತಂಪಿನಲ್ಲಿ, ಹೆದ್ದಾರಿಯ ಧೂಳು ಏಳುವ ಮುನ್ನ, ಆ ಮಕ್ಕಳನ್ನು ಊರ ಸುತ್ತ ಮಾತಾಡಿಸಿಕೊಂಡು ಓಡಿಸಿ.

ಆ ಹುಡುಗ ನನ್ನ ಜೊತೆ ಐದು ತಿಂಗಳು ಬಂದ. ಎಂಟನೇ ವಾರದವರೆಗೂ ಮುಖ ಗಂಟಿಕ್ಕಿಕೊಂಡೇ ಬಂದ. ನವೆಂಬರಿನ ಒಂದು ಬೆಳಿಗ್ಗೆ ಮೈದಾನದ ಪಕ್ಕದಲ್ಲೇ ನಾವಿಬ್ಬರೂ ಓಡುತ್ತಿದ್ದೆವು. ಒಳಗಿಂದ ಯಾರೋ ಅವನ ಹೆಸರು ಹಿಡಿದು "ಲೋ, ಎಳಿಯೋ ಸ್ಪೀಡು!" ಎಂದು ಕೂಗಿದರು. ಅವನು ಕೈ ಎತ್ತಿ ತೋರಿಸಿದನೇ ಹೊರತು ಹೆಜ್ಜೆ ಬದಲಿಸಲಿಲ್ಲ. ಅಕ್ಕನ ನಿಶ್ಚಿತಾರ್ಥದ ವಿಷಯ ಹೇಳುತ್ತಿದ್ದ. ಗಂಡಿನ ಕಡೆಯವರು ದೊಡ್ಡಬಳ್ಳಾಪುರದವರು, ಊಟಕ್ಕೆ ಎಷ್ಟು ಜನ, ಪೆಂಡಾಲ್ ಹಾಕಿಸುವುದೋ ಛತ್ರ ಹಿಡಿಯುವುದೋ ಎಂದು ಮನೆಯಲ್ಲಿ ಆದ ಜಗಳ, ಎಲ್ಲ. ಮೊದಲ ದಿನ ನಡೆದೇ ಹತ್ತಿದ್ದ ಏರು ಕಾಲಡಿಯಲ್ಲಿ ಹಾದುಹೋಯಿತು. ಅವನ ಮಾತು ಎಲ್ಲೂ ತುಂಡಾಗಲಿಲ್ಲ.